ವಿಮಾನ ನಿಲ್ದಾಣದ ಬಾಡಿಗೆ ಮೋಟಾರು

ಬೆಂಗಳೂರಿನ ವಿಮಾನ ನಿಲ್ದಾಣವು ಊರೊಳಗಿನ ಎಚ್.ಎ.ಎಲ್. ಪ್ರದೇಶವನ್ನು ಬಿಟ್ಟು ದೇವನಹಳ್ಳಿಯ ಬಳಿಗೆ ಹೋದದ್ದು 2008ನೆಯ ಇಸವಿ ಮೇ ತಿಂಗಳಿನಲ್ಲಿ. ಅಂದಿನಿಂದ ವಿಮಾನಯಾನ ಮಾಡತಕ್ಕ ಬೆಂಗಳೂರಿಗನಿಗೆ ಒಂದರ ಬದಲು ಎರಡು ಪ್ರಯಾಣಗಳು ಒದಗಿಬಂದಿವೆ. ಮೊದಲನೆಯದು ನೆಲದ ಮೇಲೆ, ಎರಡನೆಯದು ಆಕಾಶದಲ್ಲಿ. ಮೆಜೆಸ್ಟಿಕ್ಕಿನಿಂದ ಹೊರಟವನಿಗೆ ಸುಮಾರು 35 ಕಿಲೋಮೀಟರು, ನಗರದ ದಕ್ಷಿಣ ಬಡಾವಣೆಗಳವರಿಗೆ ಅದಕ್ಕೂ ಹೆಚ್ಚು. ಆಕಾಶದ ಪ್ರಯಾಣಕ್ಕೆ ವೇಳಾಪಟ್ಟಿಯುಂಟು, ಕಟ್ಟಳೆಗಳುಂಟು, ತಪ್ಪಿದರೆ ಕೇಳುವುದಕ್ಕೆ ಒಂದು ಕಚೇರಿಯೂ ಉಂಟು. ನೆಲದ ಪ್ರಯಾಣಕ್ಕೆ ಹೊಣೆಗಾರರು ಯಾರೆಂಬುದು ಮಾತ್ರ ಈ ಹೊತ್ತಿಗೂ ಇತ್ಯರ್ಥವಾಗಿಲ್ಲ. ಈ ವಿಷಯವನ್ನು ಕುರಿತು ಎರಡು ಮಾತುಗಳನ್ನಾಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಜಯನಗರದ ಒಬ್ಬ ವೃದ್ಧ ದಂಪತಿಗಳು ಬೆಳಗಿನ ಆರು ಗಂಟೆಯ ವಿಮಾನದಲ್ಲಿ ದೆಹಲಿಯಲ್ಲಿರುವ ಮಗಳ ಮನೆಗೆ ಹೊರಟಿರುವರೆಂದು ವಾಚಕರು ಭಾವಿಸಿಕೊಳ್ಳಲಿ. ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕೆಂಬುದು ರೂಢಿ. ವಿದೇಶಕ್ಕಾದರೆ ಮೂರು ಗಂಟೆ. ಸಾಮಾನು ಒಪ್ಪಿಸುವ ಕೌಂಟರು ವಿಮಾನ ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಮುಚ್ಚಿಹೋಗುತ್ತದೆ. ಆದಕಾರಣ ಅವರು ಎರಡೂವರೆ ಗಂಟೆಯ ನಡುರಾತ್ರಿಯಲ್ಲಿ ಮನೆ ಬಿಡತಕ್ಕದ್ದು. ಹಿಂದಿನ ದಿನವೇ ಮಗನೋ ಮೊಮ್ಮಗನೋ ಮೊಬೈಲಿನಲ್ಲಿ ಒಂದು ಕಾರನ್ನು ಗೊತ್ತುಮಾಡಿರುತ್ತಾನೆ. ‘ನಿಮ್ಮ ಪ್ರಯಾಣ ಕಾದಿರಿಸಲ್ಪಟ್ಟಿದೆ’ ಎಂಬ ಸಂದೇಶವೂ ಬಂದಿರುತ್ತದೆ. ದಂಪತಿಗಳು ದೇವರಿಗೆ ದೀಪ ಹಚ್ಚಿ, ಮನೆಗೆ ಬೀಗ ಹಾಕಿ, ಪೆಟ್ಟಿಗೆಗಳೊಡನೆ ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಆಗ ಚಾಲಕನಿಂದ ಫೋನು ಬರುತ್ತದೆ: ‘ಎಲ್ಲಿಗೆ ಸಾರ್? ಆನ್‌ಲೈನಾ, ಕ್ಯಾಷಾ?’ ಉತ್ತರ ಕೇಳಿದ ಎರಡು ನಿಮಿಷದೊಳಗೆ ಗೊತ್ತುಮಾಡಿದ ಕಾರು ರದ್ದಾಗುತ್ತದೆ. ಇಂತಹ ಅನುಭವವನ್ನು ಕಾಣದ ಮನೆ ನಮ್ಮ ನಗರದಲ್ಲಿ ವಿರಳವೆಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ ಒಂದೇ. ‘ಕಾದಿರಿಸಲ್ಪಟ್ಟಿದೆ’ ಎಂಬ ಮಾತಿನ ಅರ್ಥವೇನು? ಹಳೆಯ ಕಾಲದ ಟ್ರಾವೆಲ್ಸ್ ಅಂಗಡಿಗೆ ಹೋಗಿ ಕಾರು ಗೊತ್ತುಮಾಡಿದರೆ ಅಂಗಡಿಯ ಯಜಮಾನನು ಇಂತಹ ಕಾರು, ಇಂತಹ ಚಾಲಕ, ಇಷ್ಟು ಹಣ ಎಂದು ಬಾಯಿಬಿಟ್ಟು ಹೇಳುತ್ತಿದ್ದನು. ಕಾರು ಕೆಟ್ಟರೆ ಇನ್ನೊಂದನ್ನು ಕಳುಹಿಸುವುದು ಅವನ ಮರ್ಯಾದೆಯ ಪ್ರಶ್ನೆಯಾಗಿತ್ತು. ಇಂದಿಗೂ ಬಡಾವಣೆಗಳಲ್ಲಿ ಅಂತಹ ಅಂಗಡಿಗಳು ಉಳಿದಿವೆ. ಅವು ಉಳಿದಿರುವುದೂ ಈ ಒಂದು ಗುಣದಿಂದಲೇ. ಮೊಬೈಲಿನ ವ್ಯವಸ್ಥೆಯಲ್ಲಾದರೋ, ಮುಂಗಡವಾಗಿ ಗೊತ್ತುಮಾಡಿದ ಕಾರಿಗೆ ಆ ಕ್ಷಣದಲ್ಲಿಯೇ ಚಾಲಕನು ನೇಮಕವಾಗಿರಬೇಕೆಂಬ ನಿಯಮವಿಲ್ಲ. ಅನೇಕ ವೇಳೆ ಪ್ರಯಾಣಿಕನ ಕೋರಿಕೆಯು ಹೊರಡುವ ಹೊತ್ತು ಸಮೀಪಿಸಿದಾಗಲೇ ಸುತ್ತಲಿನ ಚಾಲಕರ ಮುಂದೆ ಬೀಳುತ್ತದೆ. ಒಪ್ಪುವುದೂ ಬಿಡುವುದೂ ಅವರ ಇಚ್ಛೆ. ಪ್ರಯಾಣಿಕನು ತನಗೆ ಮಾತು ದೊರಕಿತೆಂದು ನಂಬಿ ಮಲಗಿರುತ್ತಾನೆ. ವಾಸ್ತವವಾಗಿ ದೊರಕಿರುವುದು ಮಾತಲ್ಲ. ಅವನ ಕೋರಿಕೆಯನ್ನು ನಾಳೆ ಕೂಗಿ ಹೇಳುವೆವೆಂಬ ಆಶ್ವಾಸನೆ ಮಾತ್ರ. ಕೋರಿಕೆಯನ್ನು ಒಪ್ಪಂದವೆಂದು ಮಾರುತ್ತಿರುವುದೇ ಈ ವ್ಯವಹಾರದ ಮೂಲದೋಷ.

ಹೀಗೆಂದ ಮಾತ್ರಕ್ಕೆ ಚಾಲಕರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರ ಕಷ್ಟವನ್ನೂ ನ್ಯಾಯದೃಷ್ಟಿಯಿಂದ ನೋಡತಕ್ಕದ್ದು. ಚಾಲಕನು ಜಯನಗರದಿಂದ ದೇವನಹಳ್ಳಿಯವರೆಗೆ ಸುಮಾರು 40 ಕಿಲೋಮೀಟರು ಹೋದ ಮೇಲೆ ಅಲ್ಲಿಂದ ಹಿಂದಿರುಗುವ ಬಾಡಿಗೆಗಾಗಿ ನಿಲ್ದಾಣದ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು, ಇಲ್ಲವೇ ಬರಿಗಾಡಿಯನ್ನು ಓಡಿಸಿಕೊಂಡು ಬರಬೇಕು. ಬಾಡಿಗೆಯಲ್ಲಿ ಕಂಪೆನಿಯ ಪಾಲು ಕಳೆದು, ಇಂಧನ ಕಳೆದು, ಕಾರಿನ ಸಾಲದ ಕಂತು ಕಳೆದು ಉಳಿಯುವುದೆಷ್ಟು? ನಗದಾಗಿ ಬಂದ ಹಣ ಆ ದಿನವೇ ಕೈಯಲ್ಲಿರುತ್ತದೆ. ಆನ್‌ಲೈನಿನ ಹಣ ಕಂಪೆನಿಯ ಲೆಕ್ಕದ ಮೂಲಕ ಬರಬೇಕು. ‘ಕ್ಯಾಷಾ?’ ಎಂಬ ಪ್ರಶ್ನೆಯ ಹಿಂದೆ ದುರಾಶೆಗಿಂತ ಹೆಚ್ಚಾಗಿ ಈ ಲೆಕ್ಕವೇ ಇರುತ್ತದೆ. ಕಂಪೆನಿಯು ಪ್ರಯಾಣಿಕನಿಗೆ ಭರವಸೆಯನ್ನು ಮಾರಿ, ಅದನ್ನು ನಡೆಸಿಕೊಡುವ ಭಾರವನ್ನು ಚಾಲಕನ ಹೆಗಲಿಗೆ ದಾಟಿಸಿ, ತಾನು ಮಧ್ಯವರ್ತಿ ಮಾತ್ರವೆಂದು ಬದಿಗೆ ಸರಿಯುತ್ತದೆ. ನಡುರಾತ್ರಿಯಲ್ಲಿ ಜಗಳವಾಡುವವರು ಇಬ್ಬರು ಬಡಪಾಯಿಗಳು. ಇಬ್ಬರಿಂದಲೂ ಲಾಭ ಪಡೆಯುವ ಮೂರನೆಯವನು ಆ ಹೊತ್ತಿಗೆ ಕರೆದರೂ ಓಗೊಡುವುದಿಲ್ಲ.

ಸರ್ಕಾರವು ಸುಮ್ಮನೆ ಕುಳಿತಿದೆಯೆಂದು ಹೇಳುವಂತಿಲ್ಲ. ಇಂತಹ ಕಂಪೆನಿಗಳು ಅನುಮತಿ ಪಡೆದೇ ವ್ಯವಹಾರ ನಡೆಸತಕ್ಕದ್ದೆಂದು ಕರ್ನಾಟಕವು 2016ರಲ್ಲಿಯೇ ನಿಯಮಗಳನ್ನು ಮಾಡಿತು. 2024ರ ಜನವರಿಯಲ್ಲಿ ಬಾಡಿಗೆಯ ದರವನ್ನೂ ಏಕರೂಪಗೊಳಿಸಿತು. 10 ಲಕ್ಷ ರೂಪಾಯಿಯೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಮುಂದಿನ ಪ್ರತಿ ಕಿಲೋಮೀಟರಿಗೆ 24 ರೂಪಾಯಿ ಎಂದು ಗೊತ್ತುಮಾಡಿತು. ಈ ಲೆಕ್ಕದಲ್ಲಿ ನಮ್ಮ ವೃದ್ಧ ದಂಪತಿಗಳ 40 ಕಿಲೋಮೀಟರಿಗೆ 964 ರೂಪಾಯಿಗಳಾಗುತ್ತವೆ. ತೆರಿಗೆ, ಟೋಲ್, ರಾತ್ರಿಯ ಹೆಚ್ಚುವರಿ ಇವು ಬೇರೆ. ಕೇಂದ್ರ ಸರ್ಕಾರವು 2020ರಲ್ಲಿ ಹೊರಡಿಸಿ 2025ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಒಪ್ಪಿಕೊಂಡ ಪ್ರಯಾಣವನ್ನು ಸಕಾರಣವಿಲ್ಲದೆ ರದ್ದುಮಾಡಿದವರಿಗೆ ದಂಡವನ್ನೂ ವಿಧಿಸಿದೆ. ದಂಡವೆಷ್ಟು? ಬಾಡಿಗೆಯ ಶೇಕಡ 10. ಅದೂ 100 ರೂಪಾಯಿಗಳನ್ನು ಮೀರುವಂತಿಲ್ಲ.

ಪೇಟೆಗೋ ಸಿನೆಮಾಕ್ಕೋ ಹೊರಟವನಿಗೆ ಈ ನೂರು ರೂಪಾಯಿ ಸಾಕಾದೀತು; ಅವನು ಹತ್ತು ನಿಮಿಷ ಕಾದು ಇನ್ನೊಂದು ಕಾರು ಹಿಡಿಯುತ್ತಾನೆ. ವಿಮಾನಕ್ಕೆ ಹೊರಟವನ ಸ್ಥಿತಿಯೇ ಬೇರೆ. ಕೌಂಟರು ಮುಚ್ಚಿದ ಮೇಲೆ ಬಂದವನು ಬಾರದವನಿಗೆ ಸಮಾನ. ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳು ಮರಳಿ ಬಂದಾವು, ಟಿಕೆಟ್ಟಿನ ಮೂಲ ಹಣ ಸಾಮಾನ್ಯವಾಗಿ ಹೋದಂತೆಯೇ. ಆ ದಿನವೇ ಮತ್ತೊಂದು ಟಿಕೆಟ್ಟು ಕೊಳ್ಳಬೇಕಾದರೆ ಬೆಲೆ ಎಷ್ಟಿರುವುದೆಂಬುದನ್ನು ಕೊಂಡವರೇ ಬಲ್ಲರು. ಉದ್ಯೋಗದ ಸಂದರ್ಶನ, ಶಸ್ತ್ರಚಿಕಿತ್ಸೆಯ ದಿನ, ಹತ್ತಿರದವರ ಅಂತ್ಯದರ್ಶನ ಇವುಗಳಿಗೆ ಬೆಲೆ ಕಟ್ಟುವರಾರು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದರು. ಇಲ್ಲಿ ಆನೆ ಹೋದರೂ ಅಡಿಕೆಯನ್ನು ಕೊಟ್ಟು ಕಳುಹಿಸುವ ಏರ್ಪಾಡಾಗಿದೆ.

ನ್ಯಾಯಸ್ಥಾನಗಳು ಇದನ್ನು ಬೇರೆ ರೀತಿಯಾಗಿ ಕಂಡಿರುವುದಕ್ಕೆ ನಿದರ್ಶನವಿದೆ. ಪ್ರಕರಣ ನಮ್ಮ ನಾಡಿನದಲ್ಲ, ಮುಂಬಯಿಯ ನೆರೆಯದು; ಆದರೂ ಗಮನಾರ್ಹವಾದುದು. 2018ರ ಜೂನ್ ತಿಂಗಳಲ್ಲಿ ಅಲ್ಲಿನ ಮಹಿಳೆಯೊಬ್ಬರು ಚೆನ್ನೈಯ ವಿಮಾನಕ್ಕೆ ಹೊರಟು ಆಪ್‌ ಮೂಲಕ ಕಾರನ್ನು ಪಡೆದಿದ್ದರು. ಚಾಲಕನು ತಡವಾಗಿ ಬಂದು, ದಾರಿಯಲ್ಲಿ ಗ್ಯಾಸು ತುಂಬಿಸಲು ನಿಲ್ಲಿಸಿ, ವಿಮಾನವು ಕೈತಪ್ಪಿಹೋಯಿತು. ತಾನು ಮಧ್ಯವರ್ತಿ ಮಾತ್ರವೆಂಬ ಕಂಪೆನಿಯ ವಾದವನ್ನು ಠಾಣೆಯ ಗ್ರಾಹಕ ಆಯೋಗವು ಒಪ್ಪದೆ, ಮನೋವ್ಯಥೆಗೂ ವ್ಯಾಜ್ಯದ ಖರ್ಚಿಗೂ ಸೇರಿ 20,000 ರೂಪಾಯಿಗಳನ್ನು ಕೊಡತಕ್ಕದ್ದೆಂದು 2022ರಲ್ಲಿ ತೀರ್ಪಿತ್ತಿತು. ಹಣ ಪಡೆಯುವವನು ಹೊಣೆಯನ್ನೂ ಪಡೆಯಬೇಕೆಂಬ ತತ್ತ್ವ ಅಲ್ಲಿ ಎತ್ತಿಹಿಡಿಯಲ್ಪಟ್ಟಿತು. ಆದರೆ ಒಂದು ಬೆಳಗಿನ ತಪ್ಪಿಗೆ ನಾಲ್ಕು ವರ್ಷಗಳ ಅಲೆದಾಟವಾಯಿತೆಂಬುದನ್ನೂ ಮರೆಯಬಾರದು. ಅಷ್ಟು ಛಲ, ಅಷ್ಟು ಬಿಡುವು ಎಷ್ಟು ಮಂದಿಗಿದ್ದೀತು? ತೀರ್ಪಿನಲ್ಲಿ ದೊರೆಯುವ ನ್ಯಾಯವು ನಿಯಮದಲ್ಲಿಯೇ ದೊರೆಯುವಂತಾಗಬೇಕು.

ಇನ್ನೊಂದು ಘಟನೆಯನ್ನೂ ಇಲ್ಲಿ ಸ್ಮರಿಸಬಹುದು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬೆಂಗಳೂರು ಬಂದ್ ನಡೆಸಿದರು. ಆಟೋಗಳ ಜೊತೆಗೆ ವಿಮಾನ ನಿಲ್ದಾಣದ ಟ್ಯಾಕ್ಸಿಗಳೂ ನಿಂತವು. ಆ ದಿನ ವಿಮಾನದಿಂದಿಳಿದ ನಮ್ಮ ನಾಡಿನ ಹೆಸರಾಂತ ಕ್ರಿಕೆಟ್ ಪಟು ಅನಿಲ್ ಕುಂಬ್ಳೆಯವರು ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕುಳಿತು ಮನೆ ಸೇರಿದರು; ಆ ಚಿತ್ರವನ್ನು ತಾವೇ ಪ್ರಕಟಿಸಿದರು. ಜನರು ನೋಡಿ ಮೆಚ್ಚಿದರು, ಮರುದಿನ ಮರೆತರು. ಆದರೆ ಅದರಲ್ಲೊಂದು ಪಾಠವಿತ್ತು. ಖಾಸಗಿ ಕಾರುಗಳೆಲ್ಲ ನಿಂತ ದಿನ ನಗರದ ಮರ್ಯಾದೆಯನ್ನು ಉಳಿಸಿದ್ದು ಸಾರ್ವಜನಿಕರ ಬಸ್ಸು. ಅದಕ್ಕೆ ಗೊತ್ತಾದ ಮಾರ್ಗವಿದೆ, ಗೊತ್ತಾದ ದರವಿದೆ, ‘ಎಲ್ಲಿಗೆ ಸಾರ್?’ ಎಂದು ಕೇಳಿ ರದ್ದುಮಾಡುವ ಅಧಿಕಾರ ಅದಕ್ಕಿಲ್ಲ.

ಹೊಸ ನಿಲ್ದಾಣದೊಡನೆಯೇ ಆರಂಭವಾದ ‘ವಾಯು ವಜ್ರ’ ಬಸ್ಸುಗಳು ಮೆಜೆಸ್ಟಿಕ್, ಬನಶಂಕರಿ, ಎಲೆಕ್ಟ್ರಾನಿಕ್ ಸಿಟಿ ಮುಂತಾದ ಕಡೆಗಳಿಂದ ಓಡುತ್ತಿವೆ. ಮೈಸೂರಿನವರಿಗೆ ರಾಜ್ಯ ಸಾರಿಗೆಯ ‘ಫ್ಲೈ ಬಸ್’ ಇದೆ. 2021ರ ಜನವರಿಯಲ್ಲಿ ನಿಲ್ದಾಣದ ಬಳಿ ಒಂದು ಪುಟ್ಟ ರೈಲ್ವೆ ಹಾಲ್ಟ್ ಕೂಡ ತೆರೆಯಿತು. ಆದರೆ ಬಸ್ಸು ನಿಲ್ಲುವ ಸ್ಥಳಕ್ಕೆ ಎರಡು ಪೆಟ್ಟಿಗೆಗಳೊಡನೆ ನಡುರಾತ್ರಿ ಹೋಗುವುದು ಹೇಗೆಂಬ ಪ್ರಶ್ನೆ ವೃದ್ಧರಿಗೆ ಉಳಿದೇ ಇದೆ. ಮೆಟ್ರೋ ಮಾರ್ಗಕ್ಕಾದರೋ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತದ್ದು 2021ರ ಏಪ್ರಿಲ್ ತಿಂಗಳಲ್ಲಿ, ಎಂದರೆ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯತೊಡಗಿ ಹದಿಮೂರು ವರ್ಷಗಳಾಗುತ್ತ ಬಂದಾಗ. ಮನೆ ಕಟ್ಟಿ ಗೃಹಪ್ರವೇಶ ಮಾಡಿ, ಮಕ್ಕಳು ಬೆಳೆದ ಮೇಲೆ ಬಾಗಿಲಿಗೆ ದಾರಿಯನ್ನು ಯೋಚಿಸಿದಂತಾಯಿತು ಈ ಕಾರ್ಯ. ಆ ವಿಳಂಬದ ಬೆಲೆಯನ್ನೇ ಪ್ರಜೆಗಳು ಬಾಡಿಗೆ ಕಾರಿನ ರೂಪದಲ್ಲಿ ತೆರುತ್ತ ಬಂದಿದ್ದಾರೆ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಮುಂಗಡವಾಗಿ ಗೊತ್ತುಮಾಡಿದ ವಿಮಾನ ನಿಲ್ದಾಣದ ಕಾರನ್ನು ಸಾಮಾನ್ಯ ಸವಾರಿಯಿಂದ ಪ್ರತ್ಯೇಕಿಸಿ ಕಟ್ಟಳೆ ಮಾಡಬೇಕು. ಚಾಲಕನ ಹೆಸರು, ಕಾರಿನ ನಂಬರು, ಎಲ್ಲ ಸೇರಿದ ಬಾಡಿಗೆ ಇವುಗಳು ಹೊರಡುವುದಕ್ಕೆ ಆರು ಗಂಟೆ ಮೊದಲೇ ಪ್ರಯಾಣಿಕನಿಗೆ ತಿಳಿದಿರಬೇಕು. ಚಾಲಕನು ಸಿಕ್ಕಿಲ್ಲವಾದರೆ ಆ ಸತ್ಯವನ್ನೂ ಆಗಲೇ ತಿಳಿಸಲಿ. ಅವನು ಬೇರೆ ದಾರಿ ನೋಡಿಕೊಂಡಾನು. ಎರಡನೆಯದಾಗಿ, ಒಪ್ಪಿದ ಕಾರು ಬಾರದಿದ್ದರೆ ಅದೇ ದರದಲ್ಲಿ ಇನ್ನೊಂದನ್ನು ಒದಗಿಸುವ ಹೊಣೆ ಕಂಪೆನಿಯದಾಗಬೇಕು; ವಿಮಾನವೇ ತಪ್ಪಿದರೆ ಪರಿಹಾರವು ನಷ್ಟಕ್ಕೆ ಅನುಗುಣವಾಗಿರಬೇಕು. ಮೂರನೆಯದಾಗಿ, ಹೊತ್ತಲ್ಲದ ಹೊತ್ತಿನ ದುಡಿಮೆಗೂ ಬರಿಗಾಡಿಯ ಹಿಂದಿರುಗುವಿಕೆಗೂ ಚಾಲಕನಿಗೆ ನ್ಯಾಯವಾದ ಪಾಲು ಸಲ್ಲಬೇಕು. ಹೊಟ್ಟೆ ತುಂಬದ ಚಾಲಕನಿಂದ ಮಾತು ಉಳಿಸಿಕೊಳ್ಳುವುದನ್ನು ನಿರೀಕ್ಷಿಸುವುದು ಅನ್ಯಾಯ. ಆಪ್ ಮೂಲಕ ದುಡಿಯುವವರ ಕ್ಷೇಮಕ್ಕಾಗಿ ನಮ್ಮ ರಾಜ್ಯವು 2025ರಲ್ಲಿ ಕಾನೂನು ಮಾಡಿರುವುದು ಸಂತೋಷದ ಸಂಗತಿ. ದುಡಿಯುವವನನ್ನು ಗುರುತಿಸಿದ ಸರ್ಕಾರವು ಪ್ರಯಾಣಿಕನನ್ನೂ ಗುರುತಿಸಲಿ.

ಅಷ್ಟರವರೆಗೆ ಪ್ರಯಾಣಿಕರು ತಮ್ಮ ಎಚ್ಚರದಲ್ಲಿ ತಾವಿರುವುದು ಮೇಲು. ವಿಮಾನದ ಹೊತ್ತಿನಿಂದಲ್ಲ, ಕೌಂಟರು ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿರಿ. ಹೆಬ್ಬಾಳದ ದಟ್ಟಣೆಗೆ ಹಗಲಿನಲ್ಲಿ ಬೇರೆಯಾಗಿ ಒಂದು ಗಂಟೆಯನ್ನಿಡಿರಿ. ಹೊರಡುವ ದಿನ ಬಂದ್, ಮುಷ್ಕರ, ಮೆರವಣಿಗೆಗಳುಂಟೋ ಎಂದು ವಿಚಾರಿಸಿರಿ. ಸಾಧ್ಯವಿದ್ದಲ್ಲಿ ಮುಖಪರಿಚಯವಿರುವ ಚಾಲಕನನ್ನೋ ಅಂಗಡಿಯನ್ನೋ ಗೊತ್ತುಮಾಡಿ, ರಾತ್ರಿ ಮಲಗುವ ಮುನ್ನ ಒಮ್ಮೆ ಮಾತನಾಡಿರಿ. ಹತ್ತಿರದ ವಾಯು ವಜ್ರ ಬಸ್ಸಿನ ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಕಾರು ರದ್ದಾದರೆ ಸಂದೇಶವನ್ನು ಅಳಿಸಿಹಾಕದೆ ಇಟ್ಟುಕೊಂಡು, ಬಿಡುವಾದಾಗ ದೂರು ಕೊಡಿರಿ. ನಷ್ಟವನ್ನು ನುಂಗಿಕೊಂಡು ಸುಮ್ಮನಾಗುವ ನಮ್ಮ ಸಹನೆಯೇ ಈ ಅವ್ಯವಸ್ಥೆಯ ಮೂಲಧನವಾಗಿದೆ.

2022ರಲ್ಲಿ ಉದ್ಘಾಟನೆಗೊಂಡ ಎರಡನೆಯ ಟರ್ಮಿನಲ್ಲಿನ ಬಿದಿರಿನ ಕೆಲಸವನ್ನೂ ತೂಗುವ ತೋಟಗಳನ್ನೂ ನೋಡಿ ಪರದೇಶದವರು ಬೆರಗಾಗುತ್ತಾರೆ. ಅದು ನಮಗೂ ಅಭಿಮಾನದ ವಿಷಯವೇ. ಆದರೆ ಒಂದು ನಾಡಿನ ಯೋಗ್ಯತೆಯನ್ನು ಅಳೆಯುವುದಕ್ಕೆ ಟರ್ಮಿನಲ್ಲಿನ ಬಾಗಿಲಿನಂತೆಯೇ ಜಯನಗರದ ಆ ಗೇಟೂ ಒಂದು ಸ್ಥಳ. ಅಲ್ಲಿ ನಡುರಾತ್ರಿ ಪೆಟ್ಟಿಗೆಗಳೊಡನೆ ನಿಂತಿರುವ ವೃದ್ಧರಿಗೆ ಕೊಟ್ಟ ಮಾತು ನಡೆಯುವುದೋ ಇಲ್ಲವೋ ಎಂಬುದನ್ನು ನೋಡಬೇಕು. ಸಾರಿಗೆ ಇಲಾಖೆಯ ಅಧಿಕಾರಿಗಳು ಇತ್ತ ಶೀಘ್ರವಾಗಿ ಗಮನವೀಯುವರೆಂದು ನಾವು ಆಶಿಸುತ್ತೇವೆ.