ಅನಿಲಾವೊ: ಕಿರುಜೀವಿಗಳ ಕಡಲು, ಟ್ಯಾಂಕರುಗಳ ಹಾದಿ

ಮನಿಲಾದಿಂದ ದಕ್ಷಿಣಕ್ಕೆ ಎರಡು-ಮೂರು ಗಂಟೆ ರಸ್ತೆಯಲ್ಲಿ ಸಾಗಿದರೆ ಫಿಲಿಪ್ಪೀನ್ಸಿನ ಬಟಾಂಗಸ್ ಪ್ರಾಂತ್ಯದ ಅನಿಲಾವೊ ಸಿಗುತ್ತದೆ. ಸ್ಕೂಬಾ ಡೈವಿಂಗ್ ಮಾಡುವವರು ಇಲ್ಲಿಗೆ ಬರುವುದು ತಿಮಿಂಗಿಲವನ್ನೋ ಶಾರ್ಕನ್ನೋ ಅರಸಿ ಅಲ್ಲ. ಅವರು ಹುಡುಕುವುದು ಉಗುರಿನಷ್ಟು ಗಾತ್ರದ ಜೀವಿಗಳನ್ನು: ನ್ಯೂಡಿಬ್ರ್ಯಾಂಕ್ ಎಂಬ ಚಿಪ್ಪಿಲ್ಲದ ಬಣ್ಣದ ಕಡಲ ಹುಳುಗಳನ್ನು, ಬೀಸಣಿಗೆ ಹವಳಕ್ಕೆ ಬಾಲ ಸುತ್ತಿ ನಿಂತ ಎರಡು ಸೆಂಟಿಮೀಟರಿನ ಕುಬ್ಜ ಕಡಲಕುದುರೆಯನ್ನು. ಲೂಜಾನ್ ಮತ್ತು ಮಿಂಡೊರೊ ದ್ವೀಪಗಳ ನಡುವಿನ ವರ್ಡೆ ದ್ವೀಪ ಜಲಸಂಧಿಯ ಅಂಚಿನಲ್ಲಿದೆ ಈ ಊರು. 2005ರಲ್ಲಿ ಕಾರ್ಪೆಂಟರ್ ಮತ್ತು ಸ್ಪ್ರಿಂಗರ್ ಎಂಬ ವಿಜ್ಞಾನಿಗಳು ಫಿಲಿಪ್ಪೀನ್ಸನ್ನು ಕರಾವಳಿ ಮೀನುಗಳ ವೈವಿಧ್ಯದ 'ಕೇಂದ್ರದ ಕೇಂದ್ರ' ಎಂದು ಕರೆದರು. ಆ ಬಿರುದು ಈಗ ಈ ಜಲಸಂಧಿಗೇ ಅಂಟಿಕೊಂಡಿದೆ.

ಡೈವರುಗಳ ನಡುವೆ ಬಹುಕಾಲದಿಂದ ನಡೆದಿರುವ ಚರ್ಚೆ ಕ್ಯಾಮೆರಾದ ಫ್ಲ್ಯಾಶಿನದು. ಅದು ಈ ಜೀವಿಗಳ ಕಣ್ಣನ್ನು ಕೆಡಿಸುತ್ತದೆಯೇ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಡಲಕುದುರೆಯ ಕಣ್ಣಿನ ಅಂಗಾಂಶವನ್ನೇ ಪರೀಕ್ಷಿಸಿ, ಫ್ಲ್ಯಾಶಿನಿಂದ ಅಂಥ ಹಾನಿಯನ್ನು ಕಾಣಲಿಲ್ಲ. ಮೀನುಗಳನ್ನು ಅತಿಯಾಗಿ ಕಲಕಿದ್ದು ಬೆಳಕಲ್ಲ, ಕೈ. ಚೆಂದದ ಚಿತ್ರಕ್ಕಾಗಿ ಅವನ್ನು ಮುಟ್ಟುವುದು, ಕಡ್ಡಿಯಿಂದ ಸರಿಸುವುದು. ಇದು ತಿದ್ದಿಕೊಳ್ಳಬಹುದಾದ ದೋಷ. ಗೈಡ್ ಗಟ್ಟಿಯಾಗಿದ್ದರೆ ಸಾಕು.

ಆದರೆ ಇದೇ ನೀರಿನಲ್ಲಿ ಗೈಡಿನ ಮಾತಿಗೆ ನಿಲುಕದ ಅಪಾಯವೂ ಇದೆ. 2023ರ ಫೆಬ್ರವರಿ 28ರಂದು ಸುಮಾರು 8 ಲಕ್ಷ ಲೀಟರ್ ಕೈಗಾರಿಕಾ ಇಂಧನ ತೈಲ ಹೊತ್ತಿದ್ದ 'ಪ್ರಿನ್ಸೆಸ್ ಎಂಪ್ರೆಸ್' ಎಂಬ ಟ್ಯಾಂಕರ್ ಮಿಂಡೊರೊದ ನೌಹಾನ್ ಬಳಿ ಮುಳುಗಿ ಸುಮಾರು 400 ಮೀಟರ್ ಆಳದಲ್ಲಿ ನೆಲೆನಿಂತಿತು. ಹೆಚ್ಚಿನ ಪೆಟ್ಟು ಬಿದ್ದುದು ಪೋಲಾ ಪಟ್ಟಣದ ಕರಾವಳಿಗೆ. ಎಣ್ಣೆ ಹರಿದು ದೂರದ ಪಲವಾನ್, ಆಂಟೀಕ್ ಪ್ರಾಂತ್ಯಗಳನ್ನೂ ತಲುಪಿತು. ದಡದ ಜನರಲ್ಲಿ ತಲೆಸುತ್ತು, ವಾಕರಿಕೆ, ಉಸಿರಾಟದ ತೊಂದರೆ ಕಾಣಿಸಿಕೊಂಡವು. ಎಣ್ಣೆಯ ಆವಿಯನ್ನು ಉಸಿರಾಡಿದವರಲ್ಲಿ ವೈದ್ಯರು ನಿರೀಕ್ಷಿಸುವ ಲಕ್ಷಣಗಳೇ ಇವು. ಹೆಚ್ಚಿನವರಲ್ಲಿ ದಿನಗಳಲ್ಲಿ ಇಳಿಯುತ್ತವೆ. ಮೀನುಗಾರಿಕೆಯ ಮೇಲಿನ ನಿಷೇಧ ಮಾತ್ರ ತಿಂಗಳುಗಟ್ಟಲೆ ಇಳಿಯಲಿಲ್ಲ. ದಿನದ ಬಲೆಯಿಂದ ದಿನದ ಅಕ್ಕಿ ಕೊಳ್ಳುವ ಮನೆಗಳಲ್ಲಿ ಅದರ ಪರಿಣಾಮವನ್ನು ಯಾವ ಆಸ್ಪತ್ರೆಯ ದಾಖಲೆಯೂ ಹೇಳದು.

ಅನಿಲಾವೊ ಈ ಬಾರಿ ಬಹುಮಟ್ಟಿಗೆ ಪಾರಾಯಿತು. ಅದನ್ನು ಗಾಳಿ ಮತ್ತು ಪ್ರವಾಹಗಳ ಕೃಪೆ ಎನ್ನಬೇಕೇ ಹೊರತು ವ್ಯವಸ್ಥೆಯ ಸಾಧನೆ ಎನ್ನಲಾಗದು. ದೊಡ್ಡ ಮೀನು ಎಣ್ಣೆ ಕಂಡರೆ ಈಜಿ ದೂರ ಸರಿದೀತು. ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಒಂದೇ ಬೀಸಣಿಗೆ ಹವಳದಲ್ಲಿ ಬಾಳುವ ಕುಬ್ಜ ಕಡಲಕುದುರೆ ಎಲ್ಲಿಗೆ ಹೋದೀತು?

ಅದೇ ವರ್ಷದ ಏಪ್ರಿಲಿನಲ್ಲಿ ದೇಶದ ಮೊದಲ ದ್ರವೀಕೃತ ಅನಿಲದ ಹಡಗು ಬಟಾಂಗಸ್ಸಿಗೆ ಬಂತು. ಮಲಂಪಾಯ ನಿಕ್ಷೇಪ ಕುಗ್ಗುತ್ತಿದೆ, ಲೂಜಾನಿಗೆ ವಿದ್ಯುತ್ ಬೇಕು. ಸರ್ಕಾರದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಚೆಲ್ಲಿದ ದ್ರವೀಕೃತ ಅನಿಲ ಆವಿಯಾಗುತ್ತದೆ, ಕಪ್ಪೆಣ್ಣೆಯಂತೆ ದಡಕ್ಕೆ ಮೆತ್ತಿಕೊಳ್ಳುವುದಿಲ್ಲ ಎಂಬುದೂ ನಿಜ. ಆದರೆ ಒಂದೊಂದು ಘಟಕದ ಪರಿಣಾಮವನ್ನು ಬೇರೆಬೇರೆಯಾಗಿ ಅಳೆದರೆ ಎಲ್ಲವೂ ಸಹ್ಯವಾಗಿಯೇ ಕಾಣುತ್ತದೆ. ಒಟ್ಟು ಹಡಗು ಸಂಚಾರ, ಒಟ್ಟು ಬಿಸಿನೀರು, ಒಟ್ಟು ಅಪಾಯ ಇವನ್ನು ಒಂದೇ ಲೆಕ್ಕಕ್ಕೆ ತರಬೇಕು, ಜಲಸಂಧಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಬೇಕು ಎಂಬುದು ಅಲ್ಲಿನ ಮೀನುಗಾರರೂ ಚರ್ಚಿನವರೂ ಪರಿಸರವಾದಿಗಳೂ ಮುಂದಿಟ್ಟಿರುವ ಬೇಡಿಕೆ. ಅನಿಲಾವೊ ಸೇರಿರುವ ಮಾಬಿನಿಯ ಸ್ಥಳೀಯಾಡಳಿತ ಪ್ರತಿ ಡೈವರಿನಿಂದ ಸಂರಕ್ಷಣಾ ಶುಲ್ಕ ವಸೂಲು ಮಾಡುತ್ತದೆ. ನಾವು ಅದನ್ನು ತೆರುವುದು ನ್ಯಾಯವೇ. ಅದರ ರಸೀದಿಗೆ ಟ್ಯಾಂಕರಿನ ಹಾದಿಯನ್ನು ಬದಲಿಸುವ ಶಕ್ತಿಯಿಲ್ಲ.