‘ಆವೃತ್ತಿ’ ಎಂಬ ಶಬ್ದದ ಅವಸ್ಥೆ

ಶಾಸ್ತ್ರವಿಷಯಗಳನ್ನು ಬರೆಯಲು ಕನ್ನಡದಲ್ಲಿ ಶಬ್ದಗಳಿಲ್ಲವೆಂಬ ಆಕ್ಷೇಪವು ಬಹು ಹಳೆಯದು. ಆದರೆ ಈಗಿನ ತೊಡಕು ಶಬ್ದದಾರಿದ್ರ್ಯದಿಂದ ಹುಟ್ಟಿದುದಲ್ಲ. ಇದ್ದ ಶಬ್ದಗಳನ್ನು ವಿವೇಚನೆಯಿಲ್ಲದೆ ಕಂಡಕಂಡಲ್ಲಿ ಬಳಸುವುದರಿಂದ ಹುಟ್ಟಿದುದು. ಇಂಗ್ಲಿಷಿನ ‘ಫ್ರೀಕ್ವೆನ್ಸಿ’ ಎಂಬ ಮಾತಿಗೆ ಕನ್ನಡದಲ್ಲಿ ನಡೆದಿರುವ ಪ್ರಯೋಗಗಳೇ ಇದಕ್ಕೆ ಸಾಕ್ಷಿಯಾಗಿವೆ. ಆವೃತ್ತಿ, ಆವರ್ತನ, ಆವರ್ತಾಂಕ, ಕಂಪನಾಂಕ, ಇವೆಲ್ಲವೂ ಸಾಲದೆಂಬಂತೆ ತರಂಗಾಂತರ! ಬರೆಯುವವನಿಗೆ ಆ ಕ್ಷಣದಲ್ಲಿ ಯಾವುದು ನೆನಪಾಯಿತೋ ಅದೇ ಅಚ್ಚಾಗುತ್ತದೆ.

ಮೊದಲು ‘ತರಂಗಾಂತರ’ವನ್ನೇ ನೋಡೋಣ. ಒಂದು ತೆರೆಯ ನೆತ್ತಿಯಿಂದ ಮುಂದಿನ ತೆರೆಯ ನೆತ್ತಿಯವರೆಗಿನ ದೂರವೇ ತರಂಗಾಂತರವೆಂದು ಶಬ್ದವೇ ಸಾರುತ್ತದೆ. ಅದು ಮೀಟರಿನಿಂದ ಅಳೆಯತಕ್ಕ ವಸ್ತುವು. 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಯನ್ನು ಬೆಳಗಾವಿ, ಖಾನಾಪುರಗಳ ಶ್ರೋತೃಗಳು ದಶಕಗಳ ಕಾಲ 765 ಕಿಲೋಹರ್ಟ್ಸಿನ ಮೇಲೆ ಕೇಳಿದ್ದಾರೆ. ಆ ತೆರೆಗಳ ತರಂಗಾಂತರವು ಸುಮಾರು 392 ಮೀಟರು. ಸೆಕೆಂಡಿಗೆ ಹೊರಡುವ ತೆರೆಗಳು 7,65,000. ಮೊದಲನೆಯದು ಉದ್ದಳತೆ, ಎರಡನೆಯದು ಸಂಖ್ಯೆ. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುತ್ತದೆ. ಹೀಗಿದ್ದರೂ, ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರುವರಿಯಲ್ಲಿ 122 ದೂರವಾಣಿ ಪರವಾನಗಿಗಳನ್ನು ರದ್ದುಪಡಿಸಿದಾಗ ಕನ್ನಡದ ವೃತ್ತಪತ್ರಗಳು ‘ತರಂಗಾಂತರ ಹಂಚಿಕೆ’ ಎಂದೇ ಬರೆದವು. ಹಂಚಲ್ಪಟ್ಟುದು ತೆರೆಗಳ ಉದ್ದವಲ್ಲ, ಸಂಖ್ಯೆಯ ಪಟ್ಟಿಗಳು. ವಿಲೋಮಸಂಬಂಧವುಳ್ಳ ಎರಡರ ಪೈಕಿ ಒಂದರ ಹೆಸರನ್ನು ಇನ್ನೊಂದಕ್ಕೆ ಇಡುವುದು ತಂದೆಯ ಹೆಸರಿನಿಂದ ಮಗನನ್ನು ಕರೆದಂತೆಯೇ ಸರಿ.

ಇನ್ನು ‘ಆವರ್ತನ’ವು. ಈ ಸೀಮೆಯು ಸಂಗೀತದ ಸೀಮೆಯು. ಕುಮಾರ ಗಂಧರ್ವರು 1924ರಲ್ಲಿ ಜನಿಸಿದುದು ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ. ತೀನತಾಲದ ಹದಿನಾರು ಮಾತ್ರೆಗಳು ಮುಗಿದು ಮತ್ತೆ ಸಮ್‌ಗೆ ಬಂದರೆ ಒಂದು ಆವರ್ತನವಾಯಿತೆಂದು ತಬಲಾ ಕಲಿಯುವ ಎಳೆಯ ಹುಡುಗನೂ ಬಲ್ಲನು. ಅಂದ ಮೇಲೆ ಆವರ್ತನವೆಂದರೆ ಒಂದು ಸುತ್ತು, ಸುತ್ತುಗಳ ಎಣಿಕೆಯಲ್ಲ. ಮನೆಯ ದೀಪಕ್ಕೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳನ್ನು ಪೂರೈಸುತ್ತದೆ. ಒಂದು ಆವರ್ತನಕ್ಕೆ ಹಿಡಿಯುವ ಸೆಕೆಂಡಿನ ಐವತ್ತನೆಯ ಒಂದು ಪಾಲು ಆವರ್ತಕಾಲವು. ಐವತ್ತೆಂಬ ಸಂಖ್ಯೆಯು ಆವರ್ತಾಂಕವು. ಸುತ್ತು, ಸುತ್ತಿನ ಕಾಲ, ಸುತ್ತುಗಳ ಸಂಖ್ಯೆ, ಈ ಮೂರನ್ನೂ ‘ಆವರ್ತನ’ವೆಂದರೆ ಕಲಿಯುವವನು ಏನನ್ನು ತಿಳಿಯಬೇಕು?

ಎಲ್ಲಕ್ಕೂ ಹೆಚ್ಚಿನ ಕಷ್ಟವು ‘ಆವೃತ್ತಿ’ಯದು. ವೈದಿಕರಲ್ಲಿ ಆವೃತ್ತಿಯೆಂದರೆ ಪಾರಾಯಣದ ಒಂದು ಸಲ; ಪುಸ್ತಕದ ಅಂಗಡಿಯಲ್ಲಿ ಮುದ್ರಣದ ಸಲ. ಶಾಲೆಯಲ್ಲಿ ಭೌತಶಾಸ್ತ್ರದ ತಾಸಿನಲ್ಲಿ ಅದು ಸೆಕೆಂಡಿನ ಕಂಪನಗಳ ಸಂಖ್ಯೆಯಾಗುತ್ತದೆ. ಮುಂದಿನ ಗಣಿತದ ತಾಸಿನಲ್ಲಿ ಬೇರೆಯೇ ಆಗುತ್ತದೆ. ನಾಲ್ವತ್ತು ಹುಡುಗರ ವರ್ಗದಲ್ಲಿ ಏಳು ಮಂದಿಗೆ 35 ಅಂಕಗಳು ಬಂದರೆ ಆ ಏಳೂ ‘ಆವೃತ್ತಿ’ಯೇ! ಇದರಲ್ಲಿ ಸೆಕೆಂಡೆಲ್ಲಿ, ಕಂಪನವೆಲ್ಲಿ? ಖಾನಾಪುರದ ಮರಾಠಿ ಶಾಲೆಯಲ್ಲಿ ‘ವಾರಂವಾರತಾ’ ಎಂದು ಕಲಿತು ಬೆಳಗಾವಿಗೆ ಬಂದು ಕನ್ನಡ ಪುಸ್ತಕವನ್ನು ತೆರೆಯುವ ಹುಡುಗನ ಪಾಡು ಇನ್ನೂ ಕಠಿಣವು. ಅವನ ಮನೆಮಾತಿನಲ್ಲಿಯೂ ಆವೃತ್ತಿಯೆಂದರೆ ಪುಸ್ತಕದ ಮುದ್ರಣವೇ. ಅರ್ಥವಾಗದುದನ್ನು ಅವನು ಬಾಯಿಪಾಠ ಮಾಡುತ್ತಾನೆ. ಕಡೆಗೆ, ಶಾಸ್ತ್ರವು ಕನ್ನಡದಲ್ಲಿ ಹೇಳಲು ಬರತಕ್ಕದ್ದಲ್ಲವೆಂಬ ನಿರ್ಣಯಕ್ಕೆ ಬರುತ್ತಾನೆ. ಅಪರಾಧವು ಅವನದೂ ಅಲ್ಲ, ಕನ್ನಡದ್ದೂ ಅಲ್ಲ. ಶಬ್ದಗಳನ್ನು ಹೊಂದಿಸದೆ ಪುಸ್ತಕ ಬರೆದವರದು.

‘ಇಂಗ್ಲಿಷಿನಲ್ಲಿಯೂ ಒಂದೇ ಶಬ್ದವಿದೆಯಲ್ಲ! ಫ್ರೀಕ್ವೆನ್ಸಿ ಎಂದೇ ಬರೆದರೆ ಮುಗಿಯಿತು’ ಎಂದು ಕೆಲವರು ವಾದಿಸುವರು. ಈ ವಾದವು ನಿಲ್ಲತಕ್ಕದ್ದಲ್ಲ. ಆ ಶಬ್ದದ ಲ್ಯಾಟಿನ್ ಮೂಲಕ್ಕೆ ಜನಸಂದಣಿ ಎಂಬ ಅರ್ಥವಿದ್ದಿತು. ಅಲ್ಲಿಂದ ಅದು ಹಲವು ಅರ್ಥಗಳಿಗೆ ಹಬ್ಬಿತು. ಅವರ ಭಾಷೆಯ ಗೊಂದಲವನ್ನು ಬಾಡಿಗೆಗೆ ತರಬೇಕಾದ ಕಾರಣವೇನು? ಮೇಲಾಗಿ ಪಾಶ್ಚಾತ್ಯರೂ ಶಬ್ದಗಳನ್ನು ತಿದ್ದದೆ ಬಿಟ್ಟವರಲ್ಲ. ‘ಸೆಕೆಂಡಿಗೆ ಇಷ್ಟು ಸೈಕಲ್’ ಎಂಬ ಉದ್ದದ ಮಾತನ್ನು ಬಿಟ್ಟು, ವಿದ್ಯುತ್ತರಂಗಗಳನ್ನು ಪ್ರಯೋಗದಿಂದ ತೋರಿಸಿದ ಹೆನ್ರಿಕ್ ಹರ್ಟ್ಸನ ಹೆಸರನ್ನು 1960ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಮಾನಕ್ಕೆ ಇಟ್ಟಿತು. ವಿಚಾರಿಸಿ ನಿಶ್ಚಯಿಸುವುದು ಅವರಿಗೆ ಸಾಧ್ಯವಾದರೆ ಕನ್ನಡಿಗರಿಗೇಕೆ ಅಸಾಧ್ಯವು?

ಈ ಭೇದವು ಈ ದೇಶಕ್ಕೆ ಹೊಸದೂ ಅಲ್ಲ. ಪಾಣಿನಿಯು ಎಂಟನೆಯ ಅಧ್ಯಾಯದ ಆದಿಯಲ್ಲಿ ದ್ವಿರುಕ್ತಿಯನ್ನು ವಿಧಿಸುವಾಗ ಅದಕ್ಕೆ ಎರಡು ನಿಮಿತ್ತಗಳನ್ನು ಹೇಳಿದ್ದಾನೆ. ಕ್ರಿಯೆಯು ಮೇಲಿಂದ ಮೇಲೆ ನಡೆಯುವುದು ಒಂದು; ವ್ಯಾಖ್ಯಾನಕಾರರು ಅದನ್ನು ಆಭೀಕ್ಷ್ಣ್ಯವೆನ್ನುವರು. ಹಲವು ವಸ್ತುಗಳನ್ನು ಒಂದೊಂದಾಗಿ ವ್ಯಾಪಿಸುವುದು ಇನ್ನೊಂದು, ಅದು ವೀಪ್ಸೆ. ‘ಕೂಗಿ ಕೂಗಿ ದಣಿದನು’ ಎಂಬುದು ಮೊದಲನೆಯದು, ‘ಮನೆಮನೆಗೆ ಹೋದನು’ ಎಂಬುದು ಎರಡನೆಯದು. ತಂಬೂರಿಯ ತಂತಿಯ ಕಂಪನವು ಕಾಲದಲ್ಲಿ ಮರಳಿ ಮರಳಿ ಆಗುವುದು. ಅಂಕಗಳ ಎಣಿಕೆಯು ಹುಡುಗರ ಮೇಲೆ ಒಬ್ಬೊಬ್ಬರಾಗಿ ಹರಡುವುದು. ವೈಯಾಕರಣನು ಬೇರ್ಪಡಿಸಿದುದನ್ನು ಪಠ್ಯಪುಸ್ತಕವು ಕೂಡಿಸಿ ಕೆಡಿಸಬೇಕೆ?

ಆದಕಾರಣ ಮಾಡತಕ್ಕದ್ದು ಇಷ್ಟೇ. ಸುತ್ತಿಗೆ ಆವರ್ತನ, ಅದರ ಸಮಯಕ್ಕೆ ಆವರ್ತಕಾಲ, ಸೆಕೆಂಡಿನ ಸುತ್ತುಗಳ ಸಂಖ್ಯೆಗೆ ಆವರ್ತಾಂಕ, ತೆರೆಯ ಉದ್ದಕ್ಕೆ ತರಂಗಾಂತರ, ಪುಸ್ತಕಕ್ಕೆ ಆವೃತ್ತಿ. ಅಂಕಿಸಂಖ್ಯೆಯ ಶಾಸ್ತ್ರಕ್ಕೆ ಸಂಸ್ಕೃತವೇ ಆಗಬೇಕೆಂಬ ಹಠವೂ ಬೇಡ. ‘ಬಾರಿಯೆಣಿಕೆ’ ಎಂದರೆ ಯಾವ ಹುಡುಗನಿಗೂ ತಿಳಿದೀತು. ಮೋಟಾರಿನ ಮಾತಿಗಂತೂ ಹೊಸ ಶಬ್ದವೇ ಬೇಕಿಲ್ಲ: ಖಾನಾಪುರಕ್ಕೆ ‘ಅರ್ಧ ತಾಸಿಗೊಂದು ಬಸ್ಸು’ ಎಂದರೆ ಜನರಿಗೆ ಸಾಕು, ‘ಬಸ್ಸುಗಳ ಆವರ್ತನ’ವೆಂಬುದು ಯಾರ ಕನ್ನಡವು?

ಬೆಳಗಾವಿಯು ಸಾಮಾನ್ಯ ಊರಲ್ಲ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವನ್ನು ನಡೆಸಿದ ಊರು. 1998ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾದ ಊರು. ಸಾಹಿತ್ಯವೂ ಶಾಸ್ತ್ರವೂ ನೆರೆಹೊರೆಯಾಗಿರುವ ಈ ಸ್ಥಳದಲ್ಲಿ ವೈಯಾಕರಣರು, ವಿಜ್ಞಾನದ ಅಧ್ಯಾಪಕರು, ಪತ್ರಕರ್ತರು ಒಂದೆಡೆ ಕುಳಿತು ಆರು ಶಬ್ದಗಳನ್ನು ನಿಶ್ಚಯಿಸಲಾರರೇ? ಗಡಿಯ ಕನ್ನಡವನ್ನು ಉಳಿಸಬೇಕೆಂದು ಸಭೆಗಳಲ್ಲಿ ಘೋಷಿಸುವವರು ಮೊದಲು ಗಡಿಯ ಹುಡುಗನ ಕೈಯಲ್ಲಿರುವ ಪುಸ್ತಕವನ್ನು ಸರಿಪಡಿಸಲಿ. ಭಾಷೆಯು ಉಳಿಯುವುದು ಘೋಷಣೆಗಳ ಆವರ್ತಾಂಕದಿಂದಲ್ಲ, ಅರ್ಥದ ನೈರ್ಮಲ್ಯದಿಂದ.