ಅದ್ಭುತಕಾದಂಬರಿಗಳ ಪಾತ್ರಧಾರಣೆ

ಇಂಗ್ಲಿಷಿನ ಅದ್ಭುತಕಾದಂಬರಿಗಳನ್ನು ಓದಿದ ತರುಣರು ಅವುಗಳೊಳಗಿನ ಪಾತ್ರಗಳನ್ನು ತಾವೇ ವಹಿಸಿ, ಆ ಪಾತ್ರದ ಬಾಯಿಂದಲೇ ಒಬ್ಬರಿಗೊಬ್ಬರು ಬರೆದುಕೊಳ್ಳುವ ಪದ್ಧತಿಯು ಈಗ ಅನೇಕ ದೇಶಗಳಲ್ಲಿ ಹಬ್ಬಿರುವುದನ್ನು ವಾಚಕರಲ್ಲಿ ಬಹಳ ಮಂದಿ ಬಲ್ಲರು. ಒಬ್ಬನು ಅರಾಗಾರ್ನ್ ಆಗುತ್ತಾನೆ, ಇನ್ನೊಬ್ಬಳು ಗಲಾಡ್ರಿಯೆಲ್ ಆಗುತ್ತಾಳೆ. ಬೇರೆ ಬೇರೆ ಊರುಗಳಲ್ಲಿ ಕುಳಿತು, ಒಬ್ಬರ ಮುಖವನ್ನೊಬ್ಬರು ಕಾಣದೆ, ಸರದಿಯಂತೆ ಮಾತು ಬೆಳೆಸುತ್ತ ಹೋಗುತ್ತಾರೆ. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದುದೂ, 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಹಲವರು ಏಕಕಾಲದಲ್ಲಿ ಸೇರಬಹುದಾದ ಬರಹದ ಲೋಕವೊಂದನ್ನು ಕಂಪ್ಯೂಟರಿನೊಳಗೆ ಕಟ್ಟತೊಡಗಿದುದೂ ಈ ಪದ್ಧತಿಗೆ ದಾರಿ ತೆರೆದವು. ಇದನ್ನು ಕುರಿತು ಹಿರಿಯರು ಆಡುವ ಮಾತು ಒಂದು. ಪಾತ್ರಧಾರಿಗಳು ತಮ್ಮೊಳಗೆ ಆಡಿಕೊಳ್ಳುವ ಮಾತು ಇನ್ನೊಂದು. ಎರಡೂ ತಪ್ಪು, ಎರಡನೆಯದೇ ಹೆಚ್ಚು ತಪ್ಪು.

ಹಿರಿಯರ ಆಕ್ಷೇಪವನ್ನು ಬೇಗನೆ ಮುಗಿಸಬಹುದು. ಇದು ಕಾಲಹರಣವೆಂದೂ, ಓದಿದ ಮಕ್ಕಳು ಮಾಡತಕ್ಕ ಕೆಲಸವಲ್ಲವೆಂದೂ ಅವರ ಮತ. ದಕ್ಷಿಣಕನ್ನಡದ ಕಡೆಯ ಮನೆಗಳಲ್ಲಿ ಈ ಮಾತು ಕೇಳಿಬಂದರಂತೂ ನಗು ಬರುವುದು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತನ ಪದ್ಯವೊಂದನ್ನೇ ಆಧಾರವಾಗಿಟ್ಟುಕೊಂಡು, ಕುಳಿತಲ್ಲಿಯೇ ರಾವಣನಾಗಿ ಗಂಟೆಗಟ್ಟಲೆ ವಾದಿಸುವ ಅರ್ಥಧಾರಿಯ ತಾಳಮದ್ದಳೆಯನ್ನು ಬೆಳಗಿನ ತನಕ ಕೇಳಿ ತಲೆದೂಗುವ ಯಜಮಾನರು, ಮಗಳು ರಾತ್ರಿ ಒಂದು ಗಂಟೆಯ ಹೊತ್ತು ಫಾರಮಿರನಾಗಿ ಬರೆದರೆ ಗದರಿಸುವುದಕ್ಕೆ ನ್ಯಾಯವೆಲ್ಲಿದೆ? ಕಥೆ ಪರದೇಶದ್ದೆಂಬುದೊಂದೇ ಭೇದ. ಪರರ ನಾಲಗೆಯಿಂದ ಆಲೋಚಿಸುವ ವಿದ್ಯೆ ಎರಡು ಕಡೆಯೂ ಒಂದೇ ಆಗಿರುವುದು.

ಆದರೆ ವಿದ್ಯೆಯೆಂದ ಮೇಲೆ ಅದಕ್ಕೆ ಕಟ್ಟುಪಾಡು ಇರಲೇಬೇಕಷ್ಟೆ. ಪಾತ್ರಧಾರಿಗಳಲ್ಲಿ ಬಹುಮಂದಿ ಒಪ್ಪಲೊಲ್ಲದುದು ಇದನ್ನೇ. “ಪಾತ್ರವನ್ನು ಪ್ರೀತಿಸುತ್ತೇವೆ, ಪ್ರೀತಿಸಿದ ಮೇಲೆ ಅದು ನಮ್ಮದು” ಎಂಬುದು ಅವರ ಸಿದ್ಧಾಂತ. ಈ ಪ್ರೀತಿಯ ಫಲವನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕು.

ಅರ್ಸುಲಾ ಲೆಗ್ವಿನ್ ಎಂಬ ಅಮೆರಿಕದ ಲೇಖಕಿ 1968ರಲ್ಲಿ ಪ್ರಕಟಿಸಿದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ ಕಾದಂಬರಿಯಲ್ಲಿ ಗೆಡ್ ಎಂಬ ಮಾಂತ್ರಿಕನು ನಾಯಕ. ಆ ದ್ವೀಪಲೋಕದಲ್ಲಿ ಪ್ರತಿಯೊಂದು ವಸ್ತುವಿಗೂ ಪ್ರತಿಯೊಬ್ಬ ಮನುಷ್ಯನಿಗೂ ನಿಜನಾಮವೊಂದುಂಟು. ಅದನ್ನು ಅರಿತವನಿಗೆ ಆ ವಸ್ತುವಿನ ಮೇಲೆ, ಆ ಮನುಷ್ಯನ ಮೇಲೆ ಅಧಿಕಾರ ಬರುವುದು. ಆದಕಾರಣ ನಿಜನಾಮವನ್ನು ಪ್ರಾಣಸ್ನೇಹಿತರಿಗಲ್ಲದೆ ಯಾರೂ ಹೇಳುವುದಿಲ್ಲ. ಲೋಕವು ಆ ಮಾಂತ್ರಿಕನನ್ನು ಸ್ಪ್ಯಾರೋಹಾಕ್ ಎಂಬ ಹಕ್ಕಿಯ ಹೆಸರಿನಿಂದ ಕರೆಯುತ್ತದೆ. ಗೆಡ್ ಎಂಬುದು ಅವನ ಗುಟ್ಟು. ಹೀಗಿರಲು, ಅವನ ಪಾತ್ರವನ್ನು ವಹಿಸಿದವನು ಅಪರಿಚಿತರ ಸಭೆಗೆ ಬಂದೊಡನೆ “ನಾನು ಗೆಡ್” ಎಂದು ಕೈಮುಗಿದರೆ ಏನೆನ್ನಬೇಕು? ಅವನು ಪುಸ್ತಕದ ಮಿಂಚನ್ನು ಕಂಡನು, ಭಯವನ್ನು ಕಾಣಲಿಲ್ಲ. ಮಂತ್ರದಿಂದ ಬಿರುಗಾಳಿಯೆಬ್ಬಿಸುವುದು ಅವನಿಗೆ ಬೇಕು. ಹೆಸರನ್ನು ಅಡಗಿಸಿಕೊಂಡು ಬಾಳುವವನ ಎಚ್ಚರವು ಬೇಡ. ಗೆಡ್‌ನ ಮೈಬಣ್ಣ ಕೆಂಪುಮಿಶ್ರಿತ ಕಂದು ಎಂದು ಲೇಖಕಿ ಸ್ಪಷ್ಟವಾಗಿ ಬರೆದಿದ್ದರೂ 2004ರ ದೂರದರ್ಶನರೂಪದಲ್ಲಿ ಬಿಳಿಯ ನಟನೊಬ್ಬನನ್ನು ನಿಲ್ಲಿಸಿದರು. ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿದಳು. ಓದದೆ ಪ್ರೀತಿಸುವ ರೋಗವು ಪಾತ್ರಧಾರಿಗಳಿಗೆ ಮಾತ್ರ ತಗಲಿದುದಲ್ಲ.

ಚಲಚ್ಚಿತ್ರಗಳು ಈ ರೋಗವನ್ನು ಬೆಳೆಸಿವೆ. ಟಾಲ್ಕೀನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಪೀಟರ್ ಜಾಕ್ಸನ್ನನ ಮೂರು ಚಿತ್ರಗಳು 2001ರಿಂದ 2003ರ ವರೆಗೆ ಬಂದವು. ಗ್ರಂಥದ ಅರಾಗಾರ್ನನು ಪೂರ್ವಜರ ಮುರಿದ ಖಡ್ಗವನ್ನು ಸೊಂಟದಲ್ಲಿಯೇ ಹೊತ್ತು ತಿರುಗುತ್ತಾನೆ; ತನ್ನ ಹಕ್ಕನ್ನು ಸಭೆಯಲ್ಲಿ ಸಾರುತ್ತಾನೆ; ಪಯಣ ಹೊರಡುವ ಮೊದಲೇ ಆ ಖಡ್ಗವನ್ನು ಪುನಃ ಬೆಸೆಯಿಸಿಕೊಳ್ಳುತ್ತಾನೆ. ಚಿತ್ರದವನಾದರೋ ಸಿಂಹಾಸನವೆಂದರೆ ಹಿಂಜರಿಯುವವನು. ಖಡ್ಗವು ಅವನಿಗೆ ದೊರೆಯುವುದು ಮೂರನೆಯ ಚಿತ್ರದಲ್ಲಿ. ಗ್ರಂಥದ ಫಾರಮಿರನು ಉಂಗುರವು ಕೈಗೆಟಕುವಂತಿದ್ದರೂ ಫ್ರೋಡೋವನ್ನು ಹೋಗಗೊಡುತ್ತಾನೆ. ಚಿತ್ರದವನು ಮೊದಲು ಅವನನ್ನು ಸೆರೆಯಾಳಾಗಿ ಎಳೆದೊಯ್ಯುತ್ತಾನೆ. ಎರಡರಲ್ಲಿ ಯಾವುದನ್ನಾದರೂ ಆಯ್ದುಕೊಳ್ಳಬಹುದು, ಅದರಲ್ಲಿ ದೋಷವಿಲ್ಲ. ಇಂದು ಗ್ರಂಥದವನಂತೆ ಗಂಭೀರ, ನಾಳೆ ಚಿತ್ರದವನಂತೆ ಸಂಶಯಾತ್ಮ, ನಾಡಿದ್ದು ಎರಡೂ ಅಲ್ಲದ ಶೃಂಗಾರನಾಯಕ, ಹೀಗೆ ಎಡೆಗೊಂದು ಅರಾಗಾರ್ನನನ್ನು ಕಟ್ಟುವವನಿಗೆ ಮಾತ್ರ ಪಾತ್ರವೇ ಇಲ್ಲ, ಅಂಗಿಗಳಿವೆ.

ಇನ್ನು ಸೆವೆರಸ್ ಸ್ನೇಪ್‌ನ ಗತಿಯನ್ನು ನೋಡಿ. ರೋಲಿಂಗ್‌ರ ಹ್ಯಾರಿ ಪಾಟರ್ ಗ್ರಂಥಗಳು 1997ರಿಂದ 2007ರ ವರೆಗೆ ಏಳಾಗಿ ಪ್ರಕಟವಾದವು. ಕೊನೆಯ ಗ್ರಂಥದ ತನಕ ಈ ಉಪಾಧ್ಯಾಯನು ದ್ರೋಹಿಯೋ ನಿಷ್ಠಾವಂತನೋ ಎಂಬುದು ಓದುಗರಿಗೆ ನಿಶ್ಚಯವಾಗಿರಲಿಲ್ಲ. ಆ ಹತ್ತು ವರ್ಷಗಳಲ್ಲಿ ಅವನ ಪಾತ್ರವನ್ನು ವಹಿಸಿದವರ ಕೆಲಸ ಕತ್ತಿಯ ಅಲಗಿನ ಮೇಲಿನ ನಡೆಯಾಗಿದ್ದಿತು. ಗುಟ್ಟು ಬಯಲಾದ ಮೇಲೆ ಅವನನ್ನು ಕಣ್ಣೀರಿಡುವ ವಿರಹಿಯನ್ನಾಗಿ ಮಾಡಿಬಿಟ್ಟರು. ಮೂರನೆಯ ಗ್ರಂಥದಲ್ಲಿ, ಎದುರಿಗಿದ್ದವನ ಅತ್ಯಂತ ದೊಡ್ಡ ಭಯದ ರೂಪವನ್ನು ತಾಳುವ ಮಾಯಾಜೀವಿಯೊಂದು ನೆವಿಲ್ ಎಂಬ ಹುಡುಗನ ಮುಂದೆ ಸ್ನೇಪ್‌ನ ರೂಪದಲ್ಲಿಯೇ ಬರುತ್ತದೆ. ಪಾಠಹೇಳುವವನೇ ಮಗುವಿನ ಪರಮಭಯವಾಗಿರುವನು! ಅವನ ತ್ಯಾಗವು ನಿಜ, ಈ ಕ್ರೌರ್ಯವೂ ನಿಜ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿಕೊಂಡವನು ಆಡುತ್ತಿರುವುದು ಸ್ನೇಪ್‌ನನ್ನಲ್ಲ. ಸ್ನೇಪ್‌ನ ಹೆಸರಿನಲ್ಲಿ ತನ್ನನ್ನೇ ಕ್ಷಮಿಸಿಕೊಳ್ಳುತ್ತಿದ್ದಾನೆ.

ಇಲ್ಲಿ ಪ್ರತಿವಾದಿಯು ತಾಳಮದ್ದಳೆಯನ್ನೇ ತಿರುಗಿಸಿ ಹಿಡಿಯಬಹುದು: “ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ರಾವಣನಿಗೂ ವಾಲಿಗೂ ಕವಿ ಹೇಳದ ಮಾತುಗಳನ್ನು ಆಡಿಸಿದರಲ್ಲವೇ? ಅವರಿಗಿದ್ದ ಸ್ವಾತಂತ್ರ್ಯ ನಮಗೇಕಿಲ್ಲ?” ಒಳ್ಳೆಯ ಪ್ರಶ್ನೆ. ವಾಲಿಯ ಅರ್ಥಧಾರಿಯು ಮರೆಯಲ್ಲಿ ನಿಂತು ಬಾಣಬಿಟ್ಟ ರಾಮನನ್ನು ಎಷ್ಟಾದರೂ ಕಟುವಾಗಿ ಪ್ರಶ್ನಿಸಲಿ. ಬಾಣವನ್ನು ಮಾತ್ರ ಅವನು ಎದೆಯಿಂದ ಕಿತ್ತೊಗೆದು ಎದ್ದು ಕಿಷ್ಕಿಂಧೆಗೆ ನಡೆಯಲಾರನು. ಪ್ರಸಂಗವು ಮುಗಿಯುವಲ್ಲಿ ಮುಗಿಯಲೇಬೇಕು. ಸೋಲುವವನು ಸೋಲಿನೊಳಗೆ ಎಷ್ಟು ಮಾತನ್ನು ಗೆಲ್ಲಬಲ್ಲನು ಎಂಬುದರಲ್ಲಿಯೇ ಆ ಕಲೆಯ ಸೊಗಸಿದೆ. ಫ್ರೋಡೋವಿನ ಪಾತ್ರವನ್ನು ವಹಿಸುವವರು ಇದನ್ನು ಗಮನಿಸಬೇಕು. ಅಗ್ನಿಪರ್ವತದ ಅಂಚಿಗೆ ಬಂದು ಫ್ರೋಡೋ ಉಂಗುರವನ್ನು ಎಸೆಯುವುದಿಲ್ಲ. ತನ್ನದೆಂದು ಹೇಳಿ ಧರಿಸುತ್ತಾನೆ. ಗಾಲಮ್ಮನು ಬೆರಳನ್ನು ಕಚ್ಚಿ ಕಿತ್ತುಕೊಂಡು ಕಾಲುಜಾರಿ ಬಿದ್ದುದರಿಂದ ಕಾರ್ಯವು ಆಯಿತು. ತನ್ನ ಫ್ರೋಡೋ ಉಂಗುರವನ್ನು ತಾನೇ ಬೆಂಕಿಗೆಸೆದನೆಂದು ಬರೆದು ಹೆಮ್ಮೆಪಡುವವನು ನಾಯಕನಿಗೆ ಉಪಕಾರಮಾಡಲಿಲ್ಲ. ಅವನ ಗಾಯವನ್ನೂ, ಊರಿಗೆ ಮರಳಿಯೂ ಊರಿನವನಾಗದೆ ಹಡಗನ್ನೇರಿದ ಅವನ ದುಃಖವನ್ನೂ ಕದ್ದನು.

ಸಹಪಾತ್ರಧಾರಿಗೆ ಆಗುವ ಅನ್ಯಾಯವು ಬೇರೆಯೇ ಇದೆ. ತನ್ನ ಖಡ್ಗವು ಎದುರಾಳಿಯ ಭುಜಕ್ಕೆ ತಗುಲಿತೆಂದೂ, ಅವನು ನೋವಿನಿಂದ ಮೊಣಕಾಲೂರಿದನೆಂದೂ, ಕ್ಷಮೆ ಬೇಡಿದನೆಂದೂ ಒಬ್ಬನೇ ಬರೆದು ಮುಗಿಸುವವರುಂಟು. ಎದುರಾಳಿಗೆ ಉಳಿದುದೇನು? ಖಡ್ಗವನ್ನೆತ್ತುವ ತನಕ ಬರೆಯುವುದು ತನ್ನ ಹಕ್ಕು. ಅದು ತಗುಲಿತೇ ಇಲ್ಲವೇ ಎಂಬುದನ್ನು ಹೇಳತಕ್ಕವನು ಇನ್ನೊಬ್ಬನು. ಪಾತ್ರಕ್ಕೆ ತಿಳಿಯದುದನ್ನು ತಿಳಿದವನಂತೆ ನುಡಿಯುವುದೂ ಇಂಥದ್ದೇ ದೋಷ. ಕೃಷ್ಣನು ಜನ್ಮರಹಸ್ಯವನ್ನು ಹೇಳುವ ಮೊದಲೇ ಕರ್ಣನ ಅರ್ಥಧಾರಿಯು ಪಾಂಡವರನ್ನು ತಮ್ಮಂದಿರೆಂದು ಕರೆದರೆ, ಕೃಷ್ಣನಾದವನು ಆ ರಾತ್ರಿ ಆಡುವುದಕ್ಕೆ ಏನು ಉಳಿಯಿತು?

ಈಚೆಗೆ, 2022ರ ನಂತರ, ಸಹಪಾತ್ರಧಾರಿಯೇ ಬೇಡವೆನ್ನುವವರು ಹೆಚ್ಚುತ್ತಿದ್ದಾರೆ. ಸಂಭಾಷಣಾಯಂತ್ರಕ್ಕೆ ಪಾತ್ರದ ಹೆಸರಿಟ್ಟರೆ ಅದು ಹಗಲಿರುಳೂ ಬೇಸರಿಸದೆ ಉತ್ತರ ಕೊಡುವುದು. ಆದರೆ ಹೀಗೆ ಹೇಳಿದಂತೆಲ್ಲ ಒಪ್ಪುವ ಗಲಾಡ್ರಿಯೆಲ್ ಯಾರು? ನೀಡಬಂದ ಉಂಗುರವನ್ನು ಒಲ್ಲೆನೆಂದವಳಲ್ಲವೇ ಆಕೆ? ಎದುರಿಗಿರುವವನು ಬೇಡವೆನ್ನಬಹುದು, ಆಟವನ್ನೇ ಬಿಟ್ಟು ಏಳಬಹುದು ಎಂಬ ಅಂಜಿಕೆಯಿಲ್ಲದಲ್ಲಿ ಪಾತ್ರಧಾರಿಯು ತನ್ನ ಮಾತನ್ನು ತೂಗಿ ನೋಡುವ ಕಾರಣವೇ ಇರುವುದಿಲ್ಲ.

1972ರ ‘ದಿ ಫಾರ್ದೆಸ್ಟ್ ಶೋರ್’ ಗ್ರಂಥದ ಕೊನೆಯಲ್ಲಿ ಗೆಡ್ ಬದುಕಿಗೂ ಸಾವಿಗೂ ನಡುವೆ ತೆರೆದ ಬಾಗಿಲನ್ನು ಮುಚ್ಚಲು ತನ್ನ ಮಂತ್ರಶಕ್ತಿಯನ್ನೆಲ್ಲ ವೆಚ್ಚಮಾಡಿಬಿಡುತ್ತಾನೆ. 1990ರ ‘ತೆಹಾನು’ ಗ್ರಂಥದಲ್ಲಿ ಅವನು ಶಕ್ತಿಯಿಲ್ಲದ, ಅದಕ್ಕಾಗಿ ನಾಚುವ, ಬೆಟ್ಟದ ಮೇಲೆ ಮೇಕೆ ಕಾಯುವ ನಡುವಯಸ್ಸಿನ ಗಂಡಸು. ಬಿರುಗಾಳಿಯ ಗೆಡ್‌ಗೆ ಕೈಯೆತ್ತುವವರಿಗೆ ಕೊರತೆಯಿಲ್ಲ. ಈ ಗೆಡ್‌ನನ್ನು ಬೇಡಿ ತೆಗೆದುಕೊಂಡು, ಮಂತ್ರದ ಒಂದು ಮಾತೂ ಇಲ್ಲದೆ, ಮೇಕೆಗಳ ನಡುವೆ ಒಂದು ಸಂಜೆಯನ್ನು ಬರೆದು ತೋರಿಸಬಲ್ಲವರು ಎಷ್ಟು ಮಂದಿ?